ತಾಳೆಯಾದ ಲೆಕ್ಕವೆಲ್ಲ ಸತ್ಯವಲ್ಲ

2025ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಬೀದಿಬದಿಯ ಅಂಗಡಿಗಳಲ್ಲಿ ವಿಚಿತ್ರ ದೃಶ್ಯವೊಂದು ಕಾಣಿಸಿತು. ವರ್ಷಗಳಿಂದ ಗೋಡೆಗೆ ಅಂಟಿಕೊಂಡಿದ್ದ ಕ್ಯೂಆರ್ ಕೋಡ್ ಫಲಕಗಳು ಒಂದೊಂದಾಗಿ ಮರೆಯಾದವು. ಅವುಗಳ ಜಾಗದಲ್ಲಿ 'ನಗದು ಮಾತ್ರ' ಎಂಬ ಚೀಟಿಗಳು ಬಂದವು. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ಕಳುಹಿಸಿದ ಸಾವಿರಾರು ನೋಟಿಸುಗಳೇ ಇದಕ್ಕೆ ಕಾರಣ. ಯುಪಿಐ ಮೂಲಕ ವ್ಯಾಪಾರಿಗಳ ಖಾತೆಗೆ ಸಂದಾಯವಾದ ಹಣದ ವಿವರಗಳನ್ನು ಇಲಾಖೆ ತರಿಸಿಕೊಂಡಿತ್ತು. ವರ್ಷಕ್ಕೆ 40 ಲಕ್ಷ ರೂಪಾಯಿಗೂ ಮೀರಿ ಜಮೆಯಾಗಿದ್ದರೂ ಜಿಎಸ್‌ಟಿ ನೋಂದಣಿ ಮಾಡಿಸದವರನ್ನು ಕಂಪ್ಯೂಟರ್ ಹೆಕ್ಕಿ ಕೊಟ್ಟಿತ್ತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ಬಂದ ನೋಟಿಸಿನಲ್ಲಿದ್ದ ಮೊತ್ತ 29 ಲಕ್ಷ ರೂಪಾಯಿ. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ!

ಪ್ರತಿಭಟನೆ ಕಾವೇರಿತು. ಮುಖ್ಯಮಂತ್ರಿಗಳೇ ವ್ಯಾಪಾರಿಗಳ ಪ್ರತಿನಿಧಿಗಳ ಸಭೆ ಕರೆದು, ವಿನಾಯಿತಿ ಇರುವ ಸರಕು ಮಾರುವವರಿಂದ ತೆರಿಗೆ ಕೇಳುವುದಿಲ್ಲವೆಂದು ಭರವಸೆ ನೀಡಬೇಕಾಯಿತು. ಪ್ರಕರಣ ಅಲ್ಲಿಗೆ ತಣ್ಣಗಾಯಿತು. ಆದರೆ ಅದು ಎತ್ತಿದ ಒಂದು ಪ್ರಶ್ನೆ ಹಾಗೇ ಉಳಿದಿದೆ. ಕಂಪ್ಯೂಟರ್ ಇಲ್ಲಿ ಸುಳ್ಳು ಹೇಳಿರಲಿಲ್ಲ. ಅಷ್ಟು ಹಣ ಆ ಖಾತೆಗಳಿಗೆ ಬಂದದ್ದು ನಿಜವೇ. ಆದರೆ ಜಮೆಯಾದ ಹಣವೆಲ್ಲ ವಹಿವಾಟಲ್ಲ, ವಹಿವಾಟೆಲ್ಲ ತೆರಿಗೆಗೆ ಒಳಪಡುವಂಥದ್ದಲ್ಲ, ಬಂಧುಗಳಿಂದ ಪಡೆದ ಕೈಸಾಲ ಮಾರಾಟದ ಹಣವಲ್ಲ. ಇದು ಲೆಕ್ಕಶಾಸ್ತ್ರದ ಮೊದಲ ವರ್ಷದ ವಿದ್ಯಾರ್ಥಿಗೂ ತಿಳಿದಿರುವ ವಿವೇಕ. ನೋಟಿಸು ಹೊರಡುವ ಮುನ್ನ ಆ ಪಟ್ಟಿಯ ಮುಂದೆ ಈ ವಿವೇಕ ಕುಳಿತಿರಲಿಲ್ಲ.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಘಟನೆಯನ್ನು ನೆನೆಯೋಣ. 2009ರ ಜನವರಿ 7ರಂದು ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಸಂಸ್ಥೆಯ ಅಧ್ಯಕ್ಷ ರಾಮಲಿಂಗ ರಾಜು ತಮ್ಮ ನಿರ್ದೇಶಕ ಮಂಡಳಿಗೆ ಪತ್ರ ಬರೆದು, ಕಂಪನಿಯ ಪುಸ್ತಕಗಳಲ್ಲಿ ತೋರಿಸಿರುವ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ರೂಪಾಯಿ ಅಸ್ತಿತ್ವದಲ್ಲೇ ಇಲ್ಲವೆಂದು ಒಪ್ಪಿಕೊಂಡರು. ಅಲ್ಲಿಯೂ ಖರ್ಚು-ಜಮಾ ತಾಳೆಯಾಗಿತ್ತು, ಲೆಕ್ಕಪರಿಶೋಧಕರ ಸಹಿ ಬಿದ್ದಿತ್ತು. ಏಳು ಸಾವಿರಕ್ಕೂ ಹೆಚ್ಚು ಸುಳ್ಳು ಬಿಲ್ಲುಗಳನ್ನು ಕಂಪ್ಯೂಟರ್ ವ್ಯವಸ್ಥೆಯೊಳಗೆ ವಿಶೇಷ ಅಧಿಕಾರದ ಮೂಲಕ ಸೇರಿಸಿ, ಸಂಬಂಧಪಟ್ಟ ವಿಭಾಗದವರ ಕಣ್ಣಿಗೆ ಬೀಳದಂತೆ ಮರೆಮಾಡಲಾಗಿತ್ತು ಎಂಬುದು ತನಿಖೆಯಲ್ಲಿ ಹೊರಬಿತ್ತು. ಬಿಲ್ಲುಗಳ ಪೂರ್ತಿ ಕಡತವನ್ನು ತೆರೆದು, ವಿಭಾಗಗಳ ಕೆಲಸದ ದಾಖಲೆಯೊಂದಿಗೂ ಬ್ಯಾಂಕಿಗೆ ನಿಜವಾಗಿ ಬಂದ ಹಣದೊಂದಿಗೂ ಸಾಲು ಸಾಲಾಗಿ ಹೋಲಿಸಿದ್ದರೆ ಕಂತೆಯ ಮೇಲಿನ ಮುಸುಕು ಬಹಳ ಮೊದಲೇ ಸರಿಯುತ್ತಿತ್ತು.

ಬೆಂಗಳೂರಿನಲ್ಲಿ ದತ್ತಾಂಶವಿತ್ತು, ಲೆಕ್ಕದ ವಿವೇಕವಿರಲಿಲ್ಲ. ಹೈದರಾಬಾದಿನಲ್ಲಿ ಲೆಕ್ಕ ಬಲ್ಲವರಿದ್ದರು, ದತ್ತಾಂಶವನ್ನು ಪ್ರಶ್ನಿಸುವವರಿರಲಿಲ್ಲ. ಈ ಎರಡು ತೀರಗಳ ನಡುವಿನ ಕಂದಕ ಹುಟ್ಟುವುದು ನಮ್ಮ ವಾಣಿಜ್ಯ ಕಾಲೇಜುಗಳ ತರಗತಿಗಳಲ್ಲಿ.

ನಮ್ಮಲ್ಲಿ ಬಿ.ಕಾಂ. ವಿದ್ಯಾರ್ಥಿಗೆ ಕಂಪ್ಯೂಟರ್ ಶಿಕ್ಷಣವೆಂದರೆ ಬಹುಮಟ್ಟಿಗೆ ಟ್ಯಾಲಿ ಮತ್ತು ಎಕ್ಸೆಲ್‌ನ ಪರಿಚಯ. ಬೆಂಗಳೂರಿನಲ್ಲೇ ಬೆಳೆದ ಟ್ಯಾಲಿ ತಂತ್ರಾಂಶ ಲಕ್ಷಾಂತರ ಯುವಕರಿಗೆ ಅನ್ನದ ದಾರಿಯಾಗಿದೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿ ಕಲಿಯುವುದು ನಮೂದಿಸುವುದನ್ನು. ಬಿಲ್ಲು ನೋಡಿ ಬೆರಳಚ್ಚಿಸುವ ಆ ಕೆಲಸವನ್ನು ಈಗ ಯಂತ್ರವೇ ಮಾಡತೊಡಗಿದೆ. ಬ್ಯಾಂಕಿನ ವಿವರ ನೇರವಾಗಿ ಪುಸ್ತಕಕ್ಕೆ ಇಳಿಯುತ್ತದೆ. ಇ-ಇನ್‌ವಾಯ್ಸ್ ತಾನಾಗಿಯೇ ತೆರಿಗೆ ಇಲಾಖೆಯ ಜಾಲತಾಣ ಸೇರುತ್ತದೆ. ನಮೂದಿಸುವುದಷ್ಟನ್ನೇ ಕಲಿತ ಪದವೀಧರನಿಗೆ ನಾಳೆ ಕೆಲಸವೇನು? ಡೇಟಾ ವೇರ್‌ಹೌಸಿಂಗ್ ಮತ್ತು ಡೇಟಾ ಮೈನಿಂಗ್, ಅಂದರೆ ದತ್ತಾಂಶದ ಉಗ್ರಾಣ ಮತ್ತು ದತ್ತಾಂಶದ ಗಣಿಗಾರಿಕೆ, ಈವರೆಗೆ ಎಂಜಿನಿಯರಿಂಗ್ ಕಾಲೇಜುಗಳ ಸೊತ್ತಾಗಿದ್ದವು. ಅವನ್ನು ಲೆಕ್ಕಶಾಸ್ತ್ರದ ವಿದ್ಯಾರ್ಥಿಗೆ ಕಲಿಸಬೇಕಾದ ಅಗತ್ಯ ಇಲ್ಲಿಂದಲೇ ಹುಟ್ಟುತ್ತದೆ.

ಹೆಸರು ಕೇಳಿ ಬೆದರಬೇಕಿಲ್ಲ. ಉಗ್ರಾಣದ ಕಲ್ಪನೆ ಲೆಕ್ಕಿಗನಿಗೆ ಅಪರಿಚಿತವಲ್ಲ. ಈ ವಿಷಯದ ಆದ್ಯರಲ್ಲೊಬ್ಬರಾದ ಅಮೆರಿಕದ ಬಿಲ್ ಇನ್‌ಮನ್ ದತ್ತಾಂಶದ ಉಗ್ರಾಣಕ್ಕೆ ನಾಲ್ಕು ಲಕ್ಷಣಗಳನ್ನು ಹೇಳಿದ್ದಾರೆ. ಅದು ವಿಷಯಾಧಾರಿತವಾಗಿರಬೇಕು, ಬೇರೆ ಬೇರೆ ಮೂಲಗಳನ್ನು ಒಂದುಗೂಡಿಸಬೇಕು, ಕಾಲಕಾಲದ ಚರಿತ್ರೆಯನ್ನು ಉಳಿಸಿಕೊಳ್ಳಬೇಕು, ಒಮ್ಮೆ ಸೇರಿದ್ದನ್ನು ಅಳಿಸುವಂತಿರಬಾರದು. ಅಳಿಸಬಾರದು, ತಪ್ಪಿದ್ದರೆ ಹೊಸ ನಮೂದಿನಿಂದ ತಿದ್ದಬೇಕು ಎಂಬುದು ನಮ್ಮ ಕಿರ್ದಿ-ಖಾತೆಗಳ ಹಳೆಯ ಶಿಸ್ತೇ ಅಲ್ಲವೆ? ದಿನದ ವ್ಯವಹಾರ ನಡೆಸುವ ಕಂಪ್ಯೂಟರಿಗೆ ಇಂದಿನ ಶಿಲ್ಕು ಮುಖ್ಯ. ಐದು ವರ್ಷಗಳಲ್ಲಿ ಯಾವ ಶಾಖೆ, ಯಾವ ಸರಕು, ಯಾವ ಗಿರಾಕಿ ಹೇಗೆ ಬದಲಾದರೆಂದು ಹೇಳುವುದು ಉಗ್ರಾಣದ ಕೆಲಸ.

ಒಂದುಗೂಡಿಸುವುದು ಯಾಕೆ ಮುಖ್ಯವೆಂಬುದಕ್ಕೆ 2018ರ ಫೆಬ್ರುವರಿಯಲ್ಲಿ ಬಯಲಾದ ಪಂಜಾಬ್ ನ್ಯಾಷನಲ್ ಬ್ಯಾಂಕ್ ಹಗರಣಕ್ಕಿಂತ ದೊಡ್ಡ ಪಾಠ ಬೇಕಿಲ್ಲ. ಮುಂಬಯಿಯ ಬ್ರಾಡಿ ಹೌಸ್ ಶಾಖೆಯಿಂದ ವಿದೇಶಗಳಲ್ಲಿನ ಬ್ಯಾಂಕ್ ಶಾಖೆಗಳಿಗೆ ಸಾಲದ ಖಾತರಿ ಪತ್ರಗಳು 'ಸ್ವಿಫ್ಟ್' ಸಂದೇಶ ಜಾಲದ ಮೂಲಕ ಹೋಗುತ್ತಿದ್ದವು. ಬ್ಯಾಂಕಿನ ಮುಖ್ಯ ಲೆಕ್ಕ ವ್ಯವಸ್ಥೆಯಲ್ಲಿ ಅವುಗಳ ಸುಳಿವೇ ಇರಲಿಲ್ಲ. ಎರಡು ವ್ಯವಸ್ಥೆಗಳಿಗೆ ಕೊಂಡಿಯೇ ಇರಲಿಲ್ಲ. ಮೊದಲು ಪ್ರಕಟವಾದ ಮೊತ್ತ ಸುಮಾರು 11,400 ಕೋಟಿ ರೂಪಾಯಿ. ಆಮೇಲೆ ಅದು ಇನ್ನೂ ಬೆಳೆಯಿತು. ಒಂದು ಕಡೆ ಹೊರಟ ಸಂದೇಶಗಳ ಪಟ್ಟಿ, ಇನ್ನೊಂದು ಕಡೆ ಪುಸ್ತಕಕ್ಕೆ ಏರಿದ ಹೊಣೆಗಳ ಪಟ್ಟಿ. ಎರಡನ್ನೂ ಒಂದೇ ಉಗ್ರಾಣದಲ್ಲಿಟ್ಟು ದಿನವೂ ಹೋಲಿಸುವ ಏರ್ಪಾಡಿದ್ದರೆ ಮೊದಲ ಪತ್ರವೇ ಸಿಕ್ಕಿಬೀಳುತ್ತಿತ್ತು.

ಇನ್ನು ಗಣಿಗಾರಿಕೆ. ಕನ್ನಡಿಗರಿಗೆ ಈ ಮಾತು ಕಹಿ ನೆನಪು ತರುವಂಥದ್ದು. ಆದರೆ ಬಳ್ಳಾರಿಯ ಅಕ್ರಮ ಗಣಿಗಾರಿಕೆ ಬಯಲಾದದ್ದೂ ಒಂದರ್ಥದಲ್ಲಿ ದತ್ತಾಂಶದ ಗಣಿಗಾರಿಕೆಯಿಂದಲೇ. 2011ರ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಸಲ್ಲಿಸಿದ ವರದಿಯ ಹಿಂದೆ ಅರಣ್ಯ ಅಧಿಕಾರಿ ಯು.ವಿ. ಸಿಂಗ್ ಅವರ ತಂಡದ ಶ್ರಮವಿತ್ತು. ಪರವಾನಗಿಯಲ್ಲಿ ಅನುಮತಿಸಿದ ಅದಿರೆಷ್ಟು, ಬಂದರುಗಳಿಂದ ಹಡಗೇರಿದ ಅದಿರೆಷ್ಟು ಎಂದು ಹೋಲಿಸಿದಾಗ ಎರಡರ ನಡುವಿನ ಅಂತರವೇ ಅಕ್ರಮದ ಪ್ರಮಾಣವನ್ನು ಹೇಳಿತು. ರಾಜ್ಯದ ಬೊಕ್ಕಸಕ್ಕಾದ ನಷ್ಟವನ್ನು ವರದಿ 16,085 ಕೋಟಿ ರೂಪಾಯಿಯೆಂದು ಅಂದಾಜಿಸಿತು. ಮುಖ್ಯಮಂತ್ರಿಯೇ ಅಧಿಕಾರ ಬಿಡಬೇಕಾಯಿತು. ಪ್ರತ್ಯೇಕವಾಗಿ ನೋಡಿದರೆ ಮೌನವಾಗಿರುವ ಎರಡು ಕಡತಗಳು ಎದುರುಬದುರು ಕುಳಿತಾಗ ಮಾತಾಡುತ್ತವೆ.

ಲೆಕ್ಕಿಗರೇ ಇಂಥ ಕೆಲಸ ಮಾಡಿ ತೋರಿಸಿದ ನಿದರ್ಶನವೂ ಇದೆ. 2002ರಲ್ಲಿ ಅಮೆರಿಕದ ವರ್ಲ್ಡ್‌ಕಾಮ್ ಕಂಪನಿಯ ಆಂತರಿಕ ಲೆಕ್ಕಪರಿಶೋಧನೆಯ ಮುಖ್ಯಸ್ಥೆ ಸಿಂಥಿಯಾ ಕೂಪರ್ ಅವರ ತಂಡದಲ್ಲಿ ಕಂಪ್ಯೂಟರ್ ಬಲ್ಲ ಪರಿಶೋಧಕರೊಬ್ಬರಿದ್ದರು. ಕಂಪನಿಯ ನಮೂದುಗಳ ರಾಶಿಯನ್ನು ಅವರು ಜಾಲಾಡಿದರು. ಹಗಲಿನಲ್ಲಿ ಹುಡುಕಿದರೆ ವ್ಯವಸ್ಥೆ ನಿಧಾನವಾಗಿ ಮೇಲಿನವರಿಗೆ ಸುಳಿವು ಸಿಕ್ಕೀತೆಂದು ರಾತ್ರಿ ಕುಳಿತು ಹುಡುಕಿದರು. ದೈನಂದಿನ ಖರ್ಚನ್ನು ಆಸ್ತಿಯೆಂದು ಬರೆದು ಲಾಭ ಉಬ್ಬಿಸಿದ್ದು ಹೊರಬಿತ್ತು. ಆ ಜೂನ್‌ನಲ್ಲಿ ಕಂಪನಿ ಒಪ್ಪಿಕೊಂಡ ಮೊತ್ತ 380 ಕೋಟಿ ಡಾಲರ್. ಅಲ್ಲಿ ಕಂಪ್ಯೂಟರ್ ನಮೂದುಗಳನ್ನು ತೋರಿಸಿತು. ಇದು ಖರ್ಚು, ಆಸ್ತಿಯಲ್ಲ ಎಂದು ಹೇಳಿದ್ದು ಲೆಕ್ಕಶಾಸ್ತ್ರ.

ಈ ವಿಷಯವನ್ನು ಬೋಧಿಸುವ ಮರ್ಮವೂ ಇಲ್ಲೇ ಇದೆ. ಎಂಜಿನಿಯರಿಂಗ್ ಪಠ್ಯವನ್ನೇ ತಂದು ವಾಣಿಜ್ಯ ತರಗತಿಯಲ್ಲಿಟ್ಟರೆ ಪ್ರಯೋಜನವಿಲ್ಲ. ಸೂತ್ರಗಳಿಂದ ಆರಂಭಿಸಿದರೆ ವಿದ್ಯಾರ್ಥಿ ಎರಡನೇ ವಾರಕ್ಕೆ ಬೆನ್ನು ತಿರುಗಿಸುತ್ತಾನೆ. ಪ್ರಶ್ನೆಯಿಂದ ಆರಂಭಿಸಬೇಕು. ಒಬ್ಬನಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆದಾಯ ತೆರಿಗೆಯ ಲೆಕ್ಕದಲ್ಲಿ ಅದು ಸಾಮಾನ್ಯವಾಗಿ ಖರ್ಚೆಂದು ಮಾನ್ಯವಾಗದು ಎಂಬ ನಿಯಮವನ್ನು ವಿದ್ಯಾರ್ಥಿ ಓದಿಯೇ ಇರುತ್ತಾನೆ. ಹಾಗಿದ್ದರೆ ಒಂದು ಕಂಪನಿಯ ವೋಚರುಗಳಲ್ಲಿ 9,500ರಿಂದ 10,000ದ ನಡುವಿನ ಪಾವತಿಗಳೆಷ್ಟು? ಅವು ಯಾರಿಗೆ ಹೋಗಿವೆ? ಒಂದೇ ಬಿಲ್ಲಿಗೆ ಎರಡು ಸಲ ಹಣ ಸಂದಿದೆಯೆ? ಸರಬರಾಜುದಾರನ ಬ್ಯಾಂಕ್ ಖಾತೆಯೂ ನೌಕರನ ಖಾತೆಯೂ ಒಂದೇ ಆಗಿರುವ ಉದಾಹರಣೆ ಇದೆಯೆ? ಮಾರ್ಚ್ 31ರ ನಡುರಾತ್ರಿ ಬಿದ್ದ ನಮೂದುಗಳು ಯಾರ ಹೆಸರಿನಲ್ಲಿವೆ? ಇವು ಲೆಕ್ಕಿಗನ ಪ್ರಶ್ನೆಗಳು. ಉತ್ತರ ಹುಡುಕಲು ತಂತ್ರ ಬೇಕಾದಾಗ ತಂತ್ರವನ್ನು ಆತ ತಾನಾಗಿಯೇ ಕಲಿಯುತ್ತಾನೆ.

ಕುತೂಹಲ ಕೆರಳಿಸುವ ಇನ್ನೊಂದು ಅಭ್ಯಾಸವೂ ಉಂಟು. 1881ರಲ್ಲಿ ಖಗೋಳ ವಿಜ್ಞಾನಿ ಸೈಮನ್ ನ್ಯೂಕೂಂಬ್ ಲಾಗರಿದಮ್ ಪುಸ್ತಕದ ಮೊದಲ ಪುಟಗಳೇ ಹೆಚ್ಚು ಸವೆದಿರುವುದನ್ನು ಗಮನಿಸಿದರು. 1938ರಲ್ಲಿ ಫ್ರಾಂಕ್ ಬೆನ್‌ಫರ್ಡ್ ಅದನ್ನು ವಿವರವಾಗಿ ಪರೀಕ್ಷಿಸಿದರು. ಸಹಜವಾಗಿ ಹುಟ್ಟಿದ ಹಲವು ಬಗೆಯ ಸಂಖ್ಯೆಗಳ ರಾಶಿಯಲ್ಲಿ 1ರಿಂದ ಆರಂಭವಾಗುವವು ಶೇ 30ರಷ್ಟು, 9ರಿಂದ ಆರಂಭವಾಗುವವು ಶೇ 5ಕ್ಕೂ ಕಡಿಮೆ. ಮನುಷ್ಯ ಕಟ್ಟಿದ ಸುಳ್ಳು ಅಂಕಿಗಳು ಈ ಹಾದಿ ತಪ್ಪುವುದೇ ಹೆಚ್ಚು. ಗುಪ್ತತೆಗೆ ಭಂಗವಾಗದಂತೆ ಹೆಸರು ತೆಗೆದ ಖರ್ಚಿನ ಪಟ್ಟಿಯೊಂದನ್ನು ಕೊಟ್ಟು ಇದನ್ನು ಎಕ್ಸೆಲ್‌ನಲ್ಲೇ ಪರೀಕ್ಷಿಸಲು ಹೇಳಿದರೆ ತರಗತಿಯ ನಿದ್ದೆ ಹಾರಿಹೋಗುತ್ತದೆ. ದುಬಾರಿ ತಂತ್ರಾಂಶವೂ ಬೇಕಿಲ್ಲ. ಮುಂದಿನ ಹಂತಕ್ಕೆ ಆರ್, ಪೈಥಾನ್ ಮೊದಲಾದವು ಉಚಿತವಾಗಿಯೇ ದೊರೆಯುತ್ತವೆ.

ಅಡ್ಡಿಗಳಿಲ್ಲವೆಂದಲ್ಲ. ವಾಣಿಜ್ಯದ ಅಧ್ಯಾಪಕರಿಗೆ ದತ್ತಸಂಚಯದ ಭಾಷೆ ಹೊಸದು. ಕಂಪ್ಯೂಟರ್ ವಿಭಾಗದ ಅಧ್ಯಾಪಕರಿಗೆ ಸವಕಳಿ, ಮುಂಗಡ, ಬಾಕಿಗಳ ಒಳಮರ್ಮ ತಿಳಿಯದು. ಇಬ್ಬರೂ ಒಂದೇ ತರಗತಿಯಲ್ಲಿ ಜೊತೆಯಾಗಿ ಪಾಠ ಹೇಳುವುದೇ ದಾರಿ. ಪಠ್ಯಕ್ರಮ ಈಗಾಗಲೇ ಭಾರವಾಗಿದೆ ಎಂಬ ಆಕ್ಷೇಪವೂ ಬರುತ್ತದೆ. ಕಂಪ್ಯೂಟರ್ ಕ್ಷಣದಲ್ಲಿ ಮಾಡುವ ತಾಳೆಪಟ್ಟಿಯನ್ನು ವಿದ್ಯಾರ್ಥಿಯಿಂದ ಕೈಯಲ್ಲಿ ಐವತ್ತು ಸಲ ಮಾಡಿಸುವ ಬದಲು ಹತ್ತು ಸಲ ಮಾಡಿಸಿ, ಉಳಿದ ಸಮಯವನ್ನು ಇದಕ್ಕೆ ಕೊಡಬಹುದು. ತಾಳೆಯ ತತ್ತ್ವ ತಿಳಿಯಲು ಹತ್ತು ಸಾಕು. ಕಾನೂನೂ ಈಗ ಇದೇ ದಿಕ್ಕಿನಲ್ಲಿ ಸಾಗಿದೆ. ಕಂಪನಿಗಳು ಬಳಸುವ ಲೆಕ್ಕ ತಂತ್ರಾಂಶದಲ್ಲಿ ಪ್ರತಿಯೊಂದು ತಿದ್ದುಪಡಿಯ ಜಾಡೂ ದಿನಾಂಕ ಸಹಿತ ಉಳಿಯಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಜಾಡು ಉಳಿದರೆ ಸಾಲದು, ಅದನ್ನು ಓದಬಲ್ಲವರು ಬೇಕು. ಕೋಟ್ಯಂತರ ಸಾಲುಗಳ ಜಾಡನ್ನು ಕೆಂಪು ಪೆನ್ಸಿಲ್ ಹಿಡಿದು ಓದಲಾಗದು.

ಇಷ್ಟೆಲ್ಲ ಕಲಿಸುವಾಗ ಕೊನೆಯ ಪಾಠವೊಂದನ್ನು ಮರೆಯಬಾರದು. ಗಣಿಗಾರಿಕೆಯಿಂದ ಸಿಗುವುದು ಅನುಮಾನ ಮಾತ್ರ, ತೀರ್ಪಲ್ಲ. 9,800 ರೂಪಾಯಿಯ ಹತ್ತು ಪಾವತಿಗಳ ಹಿಂದೆ ವಂಚಕನಿರಬಹುದು, ವಾರಕ್ಕೊಮ್ಮೆ ಬಟವಾಡೆ ಪಡೆಯುವ ಪ್ರಾಮಾಣಿಕ ಮೇಸ್ತ್ರಿಯೂ ಇರಬಹುದು. ಪರದೆಯ ಮೇಲೆ ಇಬ್ಬರೂ ಒಂದೇ ರೀತಿ ಕಾಣುತ್ತಾರೆ. ಎದ್ದು ಹೋಗಿ, ಬಿಲ್ಲು ನೋಡಿ, ಮನುಷ್ಯನನ್ನು ಮಾತಾಡಿಸಿದ ಮೇಲೆಯೇ ಅನುಮಾನ ಸಾಕ್ಷ್ಯವಾಗಬೇಕು. ಹಾವೇರಿಯ ತರಕಾರಿ ವ್ಯಾಪಾರಿಯ ವಿಷಯದಲ್ಲಿ ತಪ್ಪಿದ್ದು ಇದೇ ಹೆಜ್ಜೆ.

ಹಿಂದೆ ಊರಿನ ಶ್ಯಾನುಭೋಗರಿಗೆ ಕಡತದಲ್ಲಿ ಬರೆದ ಪ್ರತಿ ಅಂಕಿಯ ಹಿಂದಿನ ಹೊಲ, ಬೆಳೆ, ರೈತ ಗೊತ್ತಿರುತ್ತಿತ್ತು. ಅವರ ಲೆಕ್ಕವನ್ನು ಪ್ರಶ್ನಿಸುವ ದಾರಿ ರೈತನಿಗಿರಲಿಲ್ಲ ಎಂಬುದು ಆ ಕಾಲದ ದೋಷ. ಇಂದು ಪ್ರಶ್ನಿಸುವ ಸಾಧನ ನಮ್ಮ ಕೈಯಲ್ಲಿದೆ, ಅಂಕಿಯ ಹಿಂದಿನ ಮನುಷ್ಯ ಮಾತ್ರ ಮರೆಯಾಗಿದ್ದಾನೆ. ನಮ್ಮ ತೆರಿಗೆ, ಠೇವಣಿ, ಭವಿಷ್ಯನಿಧಿಗಳೆಲ್ಲ ಈಗ ಯಾವುದೋ ದತ್ತಾಂಶದ ಉಗ್ರಾಣದಲ್ಲಿ ಕುಳಿತಿವೆ. ಅದರ ಬೀಗದ ಕೈ ಕೇವಲ ತಂತ್ರಜ್ಞರ ಬಳಿ ಇರಬಾರದು. ಪಟ್ಟಿಯನ್ನು ತೆಗೆಯಲೂ ಬಲ್ಲ, ಪಟ್ಟಿಯಲ್ಲಿರುವವನನ್ನು ವಿಚಾರಿಸಲೂ ಬಲ್ಲ ಲೆಕ್ಕಿಗರನ್ನು ರೂಪಿಸುವ ಹೊಣೆಯನ್ನು ನಮ್ಮ ವಾಣಿಜ್ಯ ಕಾಲೇಜುಗಳು ಇನ್ನು ಮುಂದೂಡುವಂತಿಲ್ಲ.