ಹನ್ನೊಂದು ಅಂಕಗಳ ಒಂದು ಸಂಖ್ಯೆಯೂ ಲಿಪಿಕಾರನ ತಪ್ಪೂ

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನನ್ನು ಸ್ತುತಿಸಿರುವ ಜೈನ ಗಣಿತಜ್ಞ ಮಹಾವೀರಾಚಾರ್ಯನು ಕ್ರಿ. ಶ. 850ರ ಸುಮಾರಿಗೆ 'ಗಣಿತಸಾರಸಂಗ್ರಹ'ವನ್ನು ರಚಿಸಿದನು. ಅದರಲ್ಲಿ ಬರುವ 12345654321 ಎಂಬ ಸಂಖ್ಯೆಯನ್ನು ಆತನು ಸ್ಥಾನಗಳ ಹೆಸರು ಹಿಡಿದು ಹೇಳುವುದಿಲ್ಲ. ಒಂದರಿಂದ ಆರರವರೆಗೆ ಏರಿ ಕ್ರಮವಾಗಿ ಇಳಿಯುವುದೆಂದು ಅದರ ಆಕಾರವನ್ನೇ ವರ್ಣಿಸುತ್ತಾನೆ. ಸ್ಥಾನಮೌಲ್ಯದ ಬರವಣಿಗೆ ಓದುಗರಿಗೆ ಚೆನ್ನಾಗಿ ರೂಢಿಯಾಗಿದ್ದಲ್ಲದೆ ಇಂತಹ ವರ್ಣನೆ ಅರ್ಥವಾಗಲಾರದು.

ಈ ಗ್ರಂಥವನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಸಂಪಾದಿಸಿ, 1912ರಲ್ಲಿ ಮದರಾಸು ಸರಕಾರದ ಮೂಲಕ ಪ್ರಕಟಿಸಿದರು. ಆಗ ಹನೂರನ್ನೊಳಗೊಂಡ ಕೊಳ್ಳೇಗಾಲ ತಾಲ್ಲೂಕು ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ನೆರೆಯ ಯಳಂದೂರು ಮೈಸೂರು ಸಂಸ್ಥಾನದಲ್ಲಿತ್ತು. ಕನ್ನಡ ದೊರೆಯ ಕಾಲದ ಗಣಿತವು ನಮ್ಮಲ್ಲಿ ಅರ್ಧ ಜನರಿಗೆ ಸ್ವಂತ ಸರಕಾರದ ಮುದ್ರಣವಾಗಿಯೂ ಉಳಿದರ್ಧಕ್ಕೆ ಪರಪ್ರಾಂತದ ಪುಸ್ತಕವಾಗಿಯೂ ಬಂದಿತೆನ್ನಬಹುದು.

ಈ ಸಂಖ್ಯೆಯು 111111ರ ವರ್ಗ. ಗುಣಿಸುವಾಗ ಆರು ಒಂದುಗಳ ಸಾಲನ್ನು ಆರು ಸಲ ಒಂದೊಂದು ಸ್ಥಾನ ಸರಿಸಿ ಬರೆಯುತ್ತೇವೆ. ಕಂಬಸಾಲುಗಳ ಮೊತ್ತ 1, 2, 3, 4, 5, 6, 5, 4, 3, 2, 1. ಎಲ್ಲಿಯೂ ದಶಕ ಉಳಿಯದ ಕಾರಣ ಸಮರೂಪತೆ ಕೆಡುವುದಿಲ್ಲ. ಒಂಬತ್ತು ಒಂದುಗಳವರೆಗೂ ಹೀಗೆಯೇ. ಹತ್ತಾದರೆ ನಡುವಿನ ಮೊತ್ತ 10 ಆಗಿ ದಶಕವು ಎಡಕ್ಕೆ ಸಾಗಿ ಏರಿಳಿತ ಒಡೆಯುತ್ತದೆ. 111111 ಎಂಬುದು 21 ಮತ್ತು 5291ರ ಗುಣಲಬ್ಧವಾದ್ದರಿಂದ, ಅದರ ವರ್ಗವನ್ನು 441 × 27994681 ಎಂದೂ ಬರೆಯಬಹುದು. ಗ್ರಂಥದ ಗುಣಾಕಾರ ಭಾಗದಲ್ಲಿ ಇರುವ ಲೆಕ್ಕವೂ ಇದೇ. ಇಂತಹ ಗುಣಲಬ್ಧಗಳನ್ನು ಆಚಾರ್ಯನು ಕಂಠಾಭರಣಕ್ಕೆ ಹೋಲಿಸುತ್ತಾನೆ.

ಇತಿಹಾಸಕಾರನಿಗೆ ಮುಖ್ಯವಾದುದು ಇಲ್ಲಿಂದ ಮುಂದಿನದು. ತಾಳೆಯೋಲೆಯನ್ನು ಪ್ರತಿಮಾಡುವವನು 27994681ರಲ್ಲಿ ಜೋಡಿ ಒಂಬತ್ತುಗಳ ಪೈಕಿ ಒಂದನ್ನು ಬಿಟ್ಟನೆನ್ನೋಣ. ಅಂಕಗಳನ್ನು ಕೂಡಿ ಒಂಬತ್ತುಗಳನ್ನು ಕಳೆಯುವ ಪರೀಕ್ಷೆ ಇಲ್ಲಿ ನಿಷ್ಫಲ: ಮೂಲದ ಮೊತ್ತ 46, ತಪ್ಪು ಪ್ರತಿಯದು 37, ಎರಡರ ಶೇಷವೂ ಒಂದೇ. ಆದರೆ 2794681ನ್ನು 441ರಿಂದ ಗುಣಿಸಿದರೆ ಬರುವುದು 1232454321. ಕಂಠಾಭರಣದ ಎಡಭಾಗದಲ್ಲಿ ಮಣಿ ತಪ್ಪಿರುವುದು ನೋಡಿದೊಡನೆ ಕಾಣುತ್ತದೆ. ಆಚಾರ್ಯನು ಇದಕ್ಕಾಗಿಯೇ ಲೆಕ್ಕ ಹೂಡಿದನೆಂದು ನಾನು ವಾದಿಸುವುದಿಲ್ಲ. ವಿದ್ಯಾರ್ಥಿಯ ಸಂತೋಷವೇ ಆತನ ಉದ್ದೇಶವಿದ್ದೀತು. ಪಾಠಶೋಧನೆಗೆ ಅದು ಒದಗುವುದಂತೂ ನಿಜ.

ಕೊಳ್ಳೇಗಾಲ, ಯಳಂದೂರುಗಳ ಶಾಸನಗಳನ್ನು ಓದುವವರಿಗೆ ಇಂತಹದೇ ಇನ್ನೊಂದು ಕಾವಲು ಪರಿಚಿತವಾದುದು. ಶಕವರ್ಷದೊಡನೆ ಸಂವತ್ಸರದ ಹೆಸರೂ ಇದ್ದರೆ ಅಂಕದ ತಪ್ಪು ಬಹುಮಟ್ಟಿಗೆ ಬಯಲಾಗುತ್ತದೆ. ಅರವತ್ತರ ಅಪವರ್ತ್ಯದಷ್ಟು ತಪ್ಪು ಮಾತ್ರ ನುಸುಳಿಹೋಗುತ್ತದೆ: ಗತಶಕ 1112, 1172 ಎರಡೂ ಸಾಧಾರಣ ಸಂವತ್ಸರಗಳೇ. ಹತ್ತರ ಸ್ಥಾನದ ಒಂದನ್ನು ಏಳೆಂದು ಓದಿದಾಗ ಸಂವತ್ಸರವು ಮೌನವಾಗಿರುತ್ತದೆ. ಆಗ ತಿಥಿವಾರಗಳನ್ನೂ ಆಳುತ್ತಿದ್ದ ಅರಸನ ಹೆಸರನ್ನೂ ವಿಚಾರಿಸಬೇಕು.