ಹದಿನೇಳರ ಹುಡುಗನ ಕೈಗೆ ಬೈಕಿನ ಕೀಲಿ ಕೊಡುವ ಮುನ್ನ



ಈ ಪುಟಗಳಲ್ಲಿ ನಾನು ಸಾಮಾನ್ಯವಾಗಿ ಬೀಜೋಪಚಾರ, ಗೊಬ್ಬರದ ಗುಂಡಿ, ರಾಗಿಯ ಸಾಲು ಬಿತ್ತನೆ ಮುಂತಾದ ವಿಷಯಗಳನ್ನು ಬರೆಯುತ್ತೇನೆ. ಈ ಸಲ ವಾಹನದ ವಿಷಯ ಬರೆಯುವುದಕ್ಕೆ ಕಾರಣವಿದೆ. ಇಂದು ನಮ್ಮ ಹಳ್ಳಿಗಳಲ್ಲಿ ಎತ್ತು ಇಲ್ಲದ ಮನೆಗಳು ಎಷ್ಟೋ ಇವೆ; ಬೈಕು ಇಲ್ಲದ ಮನೆ ಅಪರೂಪ. ಡೇರಿಗೆ, ಸಂತೆಗೆ, ತೋಟಕ್ಕೆ ಅದನ್ನು ಓಡಿಸುವವರು ಅನೇಕ ವೇಳೆ ಮೀಸೆ ಮೂಡದ ಹುಡುಗರು. ಇದರಿಂದ ಮನೆಗೆ ಬರುವ ಕಷ್ಟ ಎಂಥದೆಂಬುದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ನನ್ನ ತಪ್ಪಿನಿಂದಲೇ ಕಲಿತೆ. ಅದನ್ನು ಮುಚ್ಚಿಡದೆ ಹೇಳುತ್ತೇನೆ.

ನಡೆದ ಸಂಗತಿ

ನನ್ನ ಅಕ್ಕನ ಮನೆ ಬೆಂಗಳೂರಿನ ವಿಜಯನಗರದ ಬಳಿ ಮಾರೇನಹಳ್ಳಿಯಲ್ಲಿದೆ. ಹೆಸರಿನಲ್ಲಿ ಹಳ್ಳಿ ಉಳಿದಿದ್ದರೂ ಅದು ಇಂದು ಪೂರ್ತಿ ಪಟ್ಟಣ. 2024ರ ಕಡಲೆಕಾಯಿ ಪರಿಷೆಯ ಸಮಯದಲ್ಲಿ ನಾನು ಬೈಕಿನಲ್ಲಿ ಅಲ್ಲಿಗೆ ಹೋಗಿದ್ದೆ. ಸಂಜೆ ನೋಡಿದರೆ ಅಕ್ಕನ ಅತ್ತೆಯವರ ಮಾತ್ರೆ ಮುಗಿದಿತ್ತು. ಅಕ್ಕನ ಮಗ ಪಿ.ಯು.ಸಿ. ಓದುವ ಹದಿನೇಳು ವರ್ಷದ ಹುಡುಗ. "ಮಾವ, ಕೀಲಿ ಕೊಡಿ, ಐದು ನಿಮಿಷದಲ್ಲಿ ಬಂದುಬಿಡ್ತೀನಿ" ಎಂದ. ನಾನು ಯೋಚಿಸದೆ ಕೊಟ್ಟೆ.

ಮುಖ್ಯರಸ್ತೆಯ ತಿರುವಿನಲ್ಲಿ ಪೊಲೀಸರು ನಿಲ್ಲಿಸಿದರು. ಹುಡುಗನ ತಲೆಯ ಮೇಲೆ ಹೆಲ್ಮೆಟ್ಟಿತ್ತು. ವಾಹನದ ಕಾಗದಗಳೂ ಸರಿಯಾಗಿದ್ದವು. ವಯಸ್ಸು ಮಾತ್ರ ಇರಲಿಲ್ಲ. ಬೈಕನ್ನು ಠಾಣೆಗೆ ಒಯ್ದರು. ಐನೂರೋ ಸಾವಿರವೋ ಕಟ್ಟಿ ಬಿಡಿಸಿಕೊಂಡು ಬರೋಣವೆಂದು ನಾನು ಹೋದೆ. ಅಲ್ಲಿನ ಅಧಿಕಾರಿಗಳು, "ಇದು ಇಲ್ಲಿ ತೀರುವ ದಂಡವಲ್ಲ, ಕೋರ್ಟಿಗೆ ಹೋಗಬೇಕು. ಬೈಕು ಯಾರ ಹೆಸರಿನಲ್ಲಿದೆಯೋ ಅವರ ಮೇಲೆ ಕೇಸು" ಎಂದರು.

ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು 25,000 ರೂಪಾಯಿ ದಂಡ ಕಟ್ಟಿದೆ. ಬೈಕಿನ ನೋಂದಣಿ ಹನ್ನೆರಡು ತಿಂಗಳು ರದ್ದಾಯಿತು. ಆ ವರ್ಷವೆಲ್ಲ ನಾನು ನಿಮ್ಮ ಊರುಗಳಿಗೆ ಬಸ್ಸಿನಲ್ಲಿಯೂ ಸೈಕಲ್ಲಿನಲ್ಲಿಯೂ ಬಂದದ್ದನ್ನು ಕೆಲವರು ನೋಡಿ ನಕ್ಕದ್ದುಂಟು. ಕಾರಣ ಇದೇ.

ದುಡ್ಡು ಹೋದದ್ದು ದೊಡ್ಡ ಮಾತಲ್ಲ. ನಮ್ಮ ಭಾವ ಸರಕಿನ ಟೆಂಪೋ ಓಡಿಸಿ ಸಂಸಾರ ಸಾಕುವವರು. ಅವರಿಗೆ ಮೊಣಕಾಲು ನೋವು. ಮಗನಿಗೆ ಇಪ್ಪತ್ತಾದ ಮೇಲೆ ಟೆಂಪೋವನ್ನು ಅವನ ಕೈಗೆ ಕೊಟ್ಟು ತಾವು ಕುಳಿತುಕೊಳ್ಳಬೇಕೆಂದು ದಿನ ಎಣಿಸುತ್ತಿದ್ದರು. ಈಗ ಆ ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಯಾವ ಲೈಸೆನ್ಸೂ ಸಿಗುವಂತಿಲ್ಲ. ಐದು ನಿಮಿಷದ ಸವಾರಿಗೆ ಎಂಟು ವರ್ಷ ಹೋಯಿತು. ಭಾವ ನನ್ನನ್ನು ಬೈಯಲಿಲ್ಲ. "ಕೇಳೋದು ಹುಡುಗರ ಕೆಲಸ, ಬೇಡ ಅನ್ನೋದು ನಮ್ಮ ಕೆಲಸ ಕಣಯ್ಯ" ಎಂದಷ್ಟೇ ಹೇಳಿದರು. ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

ಕಾನೂನು ಹೇಳುವುದೇನು?

ಈಗ ನಡೆಯುತ್ತಿರುವುದು 1988ರ ಮೋಟಾರು ವಾಹನ ಕಾಯಿದೆ. ಇದಕ್ಕೆ 2019ರಲ್ಲಿ ದೊಡ್ಡ ತಿದ್ದುಪಡಿಯಾಗಿ, ಆ ವರ್ಷದ ಸೆಪ್ಟೆಂಬರ್ 1ರಿಂದ ದಂಡಗಳು ಹೆಚ್ಚಿದವು. ಆಗ ಸೇರಿದ 199 ಎ ಎಂಬ ಕಲಮನ್ನು ಮಕ್ಕಳಿರುವ ಪ್ರತಿಯೊಂದು ಮನೆಯವರೂ ತಿಳಿದಿರತಕ್ಕದ್ದು. ಅದರ ಸಾರಾಂಶ ಹೀಗಿದೆ:

1. ಹದಿನೆಂಟು ತುಂಬದವರು ವಾಹನ ನಡೆಸಿ ತಪ್ಪು ಮಾಡಿದರೆ, ಪೋಷಕರು ಇಲ್ಲವೆ ವಾಹನದ ಮಾಲೀಕರೇ ತಪ್ಪಿತಸ್ಥರು. ಮೂರು ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ ವಿಧಿಸಲು ಅವಕಾಶವಿದೆ.

2. ಆ ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದಾಗುತ್ತದೆ.

3. ಆ ಹುಡುಗ ಅಥವಾ ಹುಡುಗಿಗೆ ಇಪ್ಪತ್ತೈದು ವರ್ಷ ತುಂಬುವವರೆಗೆ ಕಲಿಕೆಯ ಲೈಸೆನ್ಸಾಗಲಿ ಪೂರ್ಣ ಲೈಸೆನ್ಸಾಗಲಿ ದೊರೆಯುವುದಿಲ್ಲ.

"ನನಗೆ ಗೊತ್ತಿಲ್ಲದೆ ಒಯ್ದ" ಎಂದು ಹೇಳಿದರೆ ಸಾಲದು. ಹಿರಿಯರ ಒಪ್ಪಿಗೆಯಿಂದಲೇ ಒಯ್ದನೆಂದು ನ್ಯಾಯಾಲಯವು ಮೊದಲು ಭಾವಿಸುತ್ತದೆ. ತಾವು ತಕ್ಕ ಎಚ್ಚರಿಕೆ ವಹಿಸಿದ್ದೆವೆಂದು ತೋರಿಸಿಕೊಡುವ ಹೊಣೆ ಹಿರಿಯರದು. ಬಾಗಿಲ ಪಕ್ಕದ ಮೊಳೆಗೆ ಕೀಲಿ ತಗುಲಿಹಾಕುವ ಮನೆಯವರು ಇದನ್ನು ತೋರಿಸಿಕೊಡುವುದು ಹೇಗೆ?

ಇನ್ನೊಂದು ಮಾತು. ಲೈಸೆನ್ಸಿಲ್ಲದ ಹುಡುಗ ಯಾರಿಗಾದರೂ ಗುದ್ದಿದರೆ ವಿಮೆ ಇದೆಯಲ್ಲ ಎಂದು ನಿಶ್ಚಿಂತರಾಗಬೇಡಿ. ಇಂಥ ಮೊಕದ್ದಮೆಗಳಲ್ಲಿ ವಿಮಾ ಕಂಪನಿಯು ಪೆಟ್ಟುಬಿದ್ದವರಿಗೆ ಪರಿಹಾರ ಕೊಟ್ಟು, ಆ ಹಣವನ್ನು ಮಾಲೀಕರಿಂದ ವಸೂಲು ಮಾಡಿಕೊಳ್ಳುವಂತೆ ನ್ಯಾಯಾಲಯಗಳು ಆದೇಶಿಸಿರುವುದುಂಟು. ಹಾಗಾದಾಗ ಹೋಗುವುದು ಬೈಕಲ್ಲ, ಹೊಲ.

ಮೂರು ತಪ್ಪು ತಿಳಿವಳಿಕೆಗಳು

"ಗೇರಿಲ್ಲದ ಸ್ಕೂಟರಿಗೆ ಹದಿನಾರು ಸಾಕು" ಎಂಬುದು ಮೊದಲನೆಯದು. ಹದಿನಾರು ತುಂಬಿದವರಿಗೆ, ಪೋಷಕರ ಲಿಖಿತ ಒಪ್ಪಿಗೆಯ ಮೇಲೆ ಲೈಸೆನ್ಸು ಪಡೆದು, 50 ಸಿ.ಸಿ. ಮೀರದ ಗೇರಿಲ್ಲದ ವಾಹನ ನಡೆಸಲು ಅವಕಾಶವಿರುವುದು ನಿಜ. ಆದರೆ ಇಂದು ಮನೆಮನೆಯಲ್ಲಿರುವ ಪೆಟ್ರೋಲ್ ಸ್ಕೂಟರುಗಳು ಬಹುಮಟ್ಟಿಗೆ 100 ಸಿ.ಸಿ.ಗೆ ಮೇಲ್ಪಟ್ಟವು. ಅವುಗಳಿಗೆ ಹದಿನೆಂಟೇ ಬೇಕು. ಬ್ಯಾಟರಿ ಗಾಡಿಗಳಲ್ಲಿಯೂ ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ ವೇಗದ, 250 ವಾಟ್‌ಗಿಂತ ಕಡಿಮೆ ಶಕ್ತಿಯ ಹಗುರ ಗಾಡಿಗಳಿಗೆ ಮಾತ್ರ ಲೈಸೆನ್ಸು ಬೇಡ. ಕೊಳ್ಳುವಾಗ ಅಂಗಡಿಯವರ ಮಾತನ್ನಷ್ಟೇ ನಂಬದೆ ಕಾಗದದಲ್ಲಿ ಬರೆದಿರುವುದನ್ನು ಓದಿ.

"ಟ್ರ್ಯಾಕ್ಟರು ಹೊಲದ ಸಾಮಾನು, ಅದಕ್ಕೆ ಕಾನೂನಿಲ್ಲ" ಎಂಬುದು ಎರಡನೆಯದು. ನಿಮ್ಮ ಹೊಲದಿಂದ ಸಾರ್ವಜನಿಕ ರಸ್ತೆಗೆ ಚಕ್ರ ಇಟ್ಟ ಕೂಡಲೆ ಅದೂ ಮೋಟಾರು ವಾಹನವೇ. ಅದಕ್ಕೂ ಹದಿನೆಂಟು ತುಂಬಿರಬೇಕು, ಲೈಸೆನ್ಸಿರಬೇಕು. ಬಾಡಿಗೆಗೆ ಸರಕು ಸಾಗಿಸುವ ವಾಹನಕ್ಕೆ ಇಪ್ಪತ್ತು ತುಂಬಿರಬೇಕು.

"ಕರ್ನಾಟಕದಲ್ಲಿ ದಂಡ ಇಳಿಸಿದ್ದಾರೆ" ಎಂಬುದು ಮೂರನೆಯದು. 2019ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರವು ಕೆಲವು ದಂಡಗಳನ್ನು ಇಳಿಸಿತು. ಹೆಲ್ಮೆಟ್ಟಿಲ್ಲದ ತಪ್ಪಿಗೆ 1,000 ಇದ್ದದ್ದು 500 ಆಯಿತು. ಆದರೆ ಮಕ್ಕಳ ಕೈಗೆ ವಾಹನ ಕೊಟ್ಟ ತಪ್ಪಿನ 25,000ಕ್ಕೆ ಆ ಇಳಿಕೆ ಇಲ್ಲ.

ಲೈಸೆನ್ಸು ಪಡೆಯುವ ಕ್ರಮ

ಹದಿನೆಂಟು ತುಂಬಿದ ಮೇಲೆ ತಡಮಾಡಬಾರದು. ದಲ್ಲಾಳಿಯ ಅಗತ್ಯವೂ ಇಲ್ಲ. ಕ್ರಮ ಹೀಗಿದೆ:

ಮೊದಲನೆಯದು ಅರ್ಜಿ. ಕೇಂದ್ರ ಸರ್ಕಾರದ 'ಸಾರಥಿ' ಎಂಬ ಅಂತರ್ಜಾಲ ತಾಣದಲ್ಲಿ ಅರ್ಜಿ ಹಾಕಬೇಕು. ವಯಸ್ಸು ಮತ್ತು ವಿಳಾಸಕ್ಕೆ ದಾಖಲೆ, ಭಾವಚಿತ್ರ, ಆರೋಗ್ಯದ ಬಗ್ಗೆ ಸ್ವಂತ ಘೋಷಣೆ ಬೇಕು. ವಿಜಯನಗರದ ಸುತ್ತ ಬಹಳವಾಗಿ ಕಾಣುವ ಕೆಎ 02 ರಾಜಾಜಿನಗರದ ಪ್ರಾದೇಶಿಕ ಸಾರಿಗೆ ಕಚೇರಿಯ ಗುರುತು. ಕೆಎ 41 ಜ್ಞಾನಭಾರತಿಯದು, ಕೆಎ 42 ರಾಮನಗರದದು. 2019ರ ತಿದ್ದುಪಡಿಯಂತೆ ರಾಜ್ಯದ ಯಾವ ಕಚೇರಿಗೆ ಬೇಕಾದರೂ ಅರ್ಜಿ ಹಾಕಬಹುದು. ಆದುದರಿಂದ ಪಟ್ಟಣದಲ್ಲಿ ಓದುವ ಮಕ್ಕಳು ಇದಕ್ಕಾಗಿ ಊರಿಗೆ ಬರಬೇಕಾಗಿಲ್ಲ.

ಎರಡನೆಯದು ಕಲಿಕೆಯ ಲೈಸೆನ್ಸು, ಅಂದರೆ ಎಲ್‌ಎಲ್. ರಸ್ತೆಯ ಚಿಹ್ನೆಗಳು, ನಿಯಮಗಳು, ಅಪಘಾತವಾದಾಗ ಚಾಲಕನ ಕರ್ತವ್ಯ ಇವುಗಳ ಮೇಲೆ ಪ್ರಶ್ನೆಗಳಿರುತ್ತವೆ. ಕನ್ನಡದಲ್ಲಿಯೇ ಉತ್ತರಿಸಬಹುದು. ನೂರಕ್ಕೆ ಅರವತ್ತರಷ್ಟು ಸರಿಯಾಗಿರಬೇಕು. ಕೇಂದ್ರದ ನಿಯಮದಂತೆ ಒಂದು ಬಗೆಯ ವಾಹನಕ್ಕೆ ಶುಲ್ಕ 150 ರೂಪಾಯಿ, ಪರೀಕ್ಷೆಗೆ 50 ರೂಪಾಯಿ. ಈ ಲೈಸೆನ್ಸು ಆರು ತಿಂಗಳು ನಡೆಯುತ್ತದೆ.

ಮೂರನೆಯದು ಅಭ್ಯಾಸ. ವಾಹನದ ಹಿಂದೆ ಮುಂದೆ ಬಿಳಿಯ ಹಲಗೆಯಲ್ಲಿ ಕೆಂಪು 'ಎಲ್' ಅಕ್ಷರವಿರಬೇಕು. ಲೈಸೆನ್ಸಿರುವ ಕಲಿಸುವವರು ಜೊತೆಗಿರಬೇಕು. ಬೈಕಿನ ಹಿಂದೆ ಸ್ನೇಹಿತರನ್ನಾಗಲಿ ತಂಗಿಯನ್ನಾಗಲಿ ಕೂರಿಸಿಕೊಳ್ಳತಕ್ಕದ್ದಲ್ಲ. ಎಲ್‌ಎಲ್ ಕಲಿಯಲು ಕೊಟ್ಟ ಅಪ್ಪಣೆ, ತಿರುಗಾಡಲು ಕೊಟ್ಟದ್ದಲ್ಲ.

ನಾಲ್ಕನೆಯದು ಚಾಲನಾ ಪರೀಕ್ಷೆ. ಎಲ್‌ಎಲ್ ಪಡೆದು ಮೂವತ್ತು ದಿನ ಕಳೆದ ಮೇಲೆ, ಅದರ ಅವಧಿ ಮುಗಿಯುವುದರೊಳಗೆ ಹೋಗಬೇಕು. ಬೈಕಿನವರು ಸಾಮಾನ್ಯವಾಗಿ ಎಂಟರ ಆಕಾರದಲ್ಲಿ ಕಾಲು ಊರದೆ ತಿರುಗಬೇಕು. ಕಾರಿನವರು ಹಿಂದಕ್ಕೆ ನಡೆಸಿಯೂ ತೋರಿಸಬೇಕು. ಪರೀಕ್ಷೆಗೆ 300, ಲೈಸೆನ್ಸಿಗೆ 200 ರೂಪಾಯಿ ಶುಲ್ಕ. ತಪ್ಪಿಹೋದರೆ ನಾಚಿಕೆ ಬೇಡ; ಏಳು ದಿನದ ನಂತರ ಮತ್ತೆ ಪ್ರಯತ್ನಿಸಬಹುದು. ಹದಿನೆಂಟರಲ್ಲಿ ಪಡೆದ ಲೈಸೆನ್ಸು ನಲವತ್ತು ತುಂಬುವವರೆಗೆ ನಡೆಯುತ್ತದೆ. ಮೇಲಿನ ನಾಲ್ಕು ಶುಲ್ಕಗಳನ್ನು ಕೂಡಿಸಿ ನೋಡಿ, 700 ರೂಪಾಯಿ. ಸೇವಾಶುಲ್ಕ ಒಂದಿಷ್ಟು ಸೇರಿದರೂ ನಾನು ಕಟ್ಟಿದ ದಂಡದ ಪಕ್ಕದಲ್ಲಿ ಅದು ಏನೂ ಅಲ್ಲ.

ದಂಡದ ನೋಟೀಸು ಬಂದಾಗ

ರಸ್ತೆಯಲ್ಲಿ ಸಮವಸ್ತ್ರದ ಪೊಲೀಸರು ಕೈ ತೋರಿಸಿದರೆ ನಿಲ್ಲಿಸಬೇಕು. ಹೆದರಿ ತಿರುಗಿಸಿ ಓಡಿದವರೇ ಬಿದ್ದು ಕೈಕಾಲು ಮುರಿದುಕೊಳ್ಳುವುದು. ಲೈಸೆನ್ಸು, ನೋಂದಣಿ ಪತ್ರ, ವಿಮೆ, ಹೊಗೆ ತಪಾಸಣೆಯ ಪತ್ರ ಇವನ್ನು ತೋರಿಸಬೇಕು. ಮೊಬೈಲಿನ ಡಿಜಿಲಾಕರಿನಲ್ಲಿರುವ ಪ್ರತಿಗಳೂ ಸಲ್ಲುತ್ತವೆ. ತಪ್ಪು ನಿಮ್ಮದಾದರೆ ದಂಡ ಕಟ್ಟಿ ರಸೀತಿ ಪಡೆಯಿರಿ. ರಸೀತಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ. ತಪ್ಪು ನಿಮ್ಮದಲ್ಲವೆಂದು ತೋರಿದರೆ ಅಲ್ಲಿ ವಾದಕ್ಕೆ ನಿಲ್ಲದೆ, ನ್ಯಾಯಾಲಯದಲ್ಲಿ ಹೇಳಿಕೊಳ್ಳುವೆನೆಂದು ತಿಳಿಸಬಹುದು. ಆ ಹಕ್ಕು ಎಲ್ಲರಿಗೂ ಇದೆ.

ಈಗ ಬೆಂಗಳೂರಿನ ಅನೇಕ ಕೂಡುರಸ್ತೆಗಳಲ್ಲಿ ಕ್ಯಾಮರಾಗಳಿವೆ. ತರಕಾರಿ ಹಾಕಿ ಬಂದ ಮಗ ಏನೂ ಹೇಳದಿದ್ದರೂ ಚಿತ್ರ ಸಹಿತ ನೋಟೀಸು ಮಾಲೀಕರ ಹೆಸರಿಗೆ ಬರುತ್ತದೆ. ಅದನ್ನು ಮಡಚಿ ಸೂರಿಗೆ ಸಿಕ್ಕಿಸಬೇಡಿ. ಚಿತ್ರ, ಸಂಖ್ಯೆ, ದಿನ, ಸ್ಥಳ ನಿಮ್ಮವೇ ಎಂದು ನೋಡಿ. ನಿಮ್ಮದಾದರೆ ಸಂಚಾರ ಪೊಲೀಸ್ ಠಾಣೆಯಲ್ಲಿ, ಬೆಂಗಳೂರು ಒನ್ ಕೇಂದ್ರದಲ್ಲಿ ಅಥವಾ ಸರ್ಕಾರದ ತಾಣದಲ್ಲಿ ಕಟ್ಟಿ. ಬೇರೆಯವರ ವಾಹನವಾದರೆ ನಿಮ್ಮ ನೋಂದಣಿ ಪತ್ರದೊಂದಿಗೆ ಸಂಚಾರ ಠಾಣೆಯಲ್ಲಿ ತಿಳಿಸಿ. ಸುಮ್ಮನಿದ್ದರೆ ವಿಷಯ ನ್ಯಾಯಾಲಯಕ್ಕೆ ಹೋಗುತ್ತದೆ. 2023ರ ಫೆಬ್ರವರಿಯಲ್ಲಿಯೂ 2025ರ ಆಗಸ್ಟ್–ಸೆಪ್ಟೆಂಬರಿನಲ್ಲಿಯೂ ಹಳೆಯ ಬಾಕಿಗೆ ಅರ್ಧ ರಿಯಾಯಿತಿ ಕೊಟ್ಟಿದ್ದರು. ಮತ್ತೆ ಕೊಡುವರೆಂದು ಕಾಯುತ್ತ ಬಾಕಿ ಬೆಳೆಸುವುದು ಮಳೆ ಬರುತ್ತದೆಂದು ಕಾಲುವೆ ಮುಚ್ಚಿದಂತೆ.

ವಾಟ್ಸಾಪಿನಲ್ಲಿ "ನಿಮ್ಮ ವಾಹನಕ್ಕೆ ದಂಡ ಬಿದ್ದಿದೆ, ಇದನ್ನು ಒತ್ತಿ" ಎಂದು ಬರುವ ಕಡತಗಳನ್ನು ತೆರೆಯಬೇಡಿ. ಅದನ್ನು ಒತ್ತಿ ಬ್ಯಾಂಕಿನ ಹಣ ಕಳೆದುಕೊಂಡವರುಂಟು. ಹಾಗೆಯೇ ಹಳೆಯ ಬೈಕು ಮಾರಿದವರು 29 ಮತ್ತು 30ನೇ ನಮೂನೆ ಬರೆದುಕೊಟ್ಟು ಹೆಸರು ಬದಲಾಗುವವರೆಗೆ ಬಿಡಬೇಡಿ. ಬರಿಯ ಮಾತಿನ ಮೇಲೆ ಮಾರಿದ ಬೈಕಿನ ದಂಡ ಮಾರಿದವರ ಬಾಗಿಲಿಗೇ ಬರುತ್ತದೆ.

ಕಡೆಯ ಮಾತು

ಎರಡು ಹಲ್ಲು ಬಾರದ ಹೋರಿಗೆ ನಾವು ನೊಗ ಹೂಡುವುದಿಲ್ಲ. ಅದರ ಹೆಗಲಲ್ಲಿ ಬಲವಿಲ್ಲವೆಂದಲ್ಲ. ಎಳೆಯದರಲ್ಲಿ ಕೆಟ್ಟರೆ ಮುಂದಿನ ಉಳುಮೆಗೆಲ್ಲ ಕೆಟ್ಟಿತೆಂದು. ಕಾಯುವುದು ರೈತನಿಗೆ ಹೊಸದಲ್ಲ. ಮಕ್ಕಳ ವಿಷಯದಲ್ಲಿ ಮಾತ್ರ ನಮಗೆ ಏಕೆ ಅವಸರ?

ಮನೆಯಲ್ಲಿ ಮೂರು ಕೆಲಸ ಮಾಡಿ. ಕೀಲಿಯನ್ನು ಮೊಳೆಯಿಂದ ತೆಗೆದು ಹಿರಿಯರ ಬಳಿ ಇಟ್ಟುಕೊಳ್ಳಿ. ಮಗನಿಗೋ ಮಗಳಿಗೋ ಹದಿನೆಂಟು ತುಂಬುವ ದಿನವನ್ನು ಗೋಡೆಯ ಪಂಚಾಂಗದಲ್ಲಿ ಗುರುತು ಮಾಡಿ, ಅದು ಕಳೆದ ಕೂಡಲೆ ಎಲ್‌ಎಲ್ ಅರ್ಜಿ ಹಾಕಿಸಿ. ಅಲ್ಲಿಯವರೆಗೆ ಕೇಳಿದಾಗಲೆಲ್ಲ ಬೇಡವೆನ್ನಿ, ಏಕೆ ಬೇಡವೆಂಬುದನ್ನೂ ಹೇಳಿ. ನನ್ನ ಕತೆಯನ್ನೇ ಹೇಳಬಹುದು, ನನಗೆ ಸಂಕೋಚವಿಲ್ಲ.

ಮಾರೇನಹಳ್ಳಿಯಲ್ಲಿ ನಮ್ಮ ಭಾವ ಇಂದಿಗೂ ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ಟೆಂಪೋ ಓಡಿಸುತ್ತಿದ್ದಾರೆ. ಹುಡುಗ ಪಕ್ಕದಲ್ಲಿ ಕುಳಿತು ಹೋಗಿ ಸರಕು ಇಳಿಸಿಕೊಡುತ್ತಾನೆ. ಅವರ ಮನೆಗೆ ಹೋದಾಗಲೆಲ್ಲ ನಾನು ಬೈಕಿನ ಕೀಲಿಯನ್ನು ಒಳಜೇಬಿನಲ್ಲಿ ಇಟ್ಟುಕೊಳ್ಳುತ್ತೇನೆ. ಈಗ ಯಾರೂ ಕೇಳುವುದಿಲ್ಲ. ನೀವು ಕೇಳುವವರಿರುವಾಗಲೇ ಇಟ್ಟುಕೊಳ್ಳಿ.

— ನಿಮ್ಮ ಗ್ರಾಮಸೇವಕ