ವಾಹನ ವಿಮೆಯಲ್ಲಿ ಬಳಕೆಯ ಮಿತಿ

ಬಳಕೆಯ ಮಿತಿ ಎಂಬುದು ವಾಹನ ವಿಮಾ ಪಾಲಿಸಿಯ ಒಂದು ಷರತ್ತು. ವಿಮೆ ಮಾಡಿಸಿದ ವಾಹನವನ್ನು ಯಾವ ಕೆಲಸಗಳಿಗೆ ಬಳಸಿದಾಗ ವಿಮೆಯ ರಕ್ಷಣೆ ಇರುವುದಿಲ್ಲ ಎಂಬುದನ್ನು ಇದು ತಿಳಿಸುತ್ತದೆ. ಭಾರತದಲ್ಲಿ ಈ ಷರತ್ತಿನ ಒಕ್ಕಣೆ 2002ರ ಮೋಟಾರು ವಿಮಾ ದರಪಟ್ಟಿಯಲ್ಲಿದೆ.

ಉದ್ಯೋಗ ಮತ್ತು ಬಾಡಿಗೆ

ಖಾಸಗಿ ಕಾರನ್ನು ಉದ್ಯೋಗಕ್ಕೆ ಬಳಸಿದರೆ ವಿಮೆ ಸಲ್ಲುವುದಿಲ್ಲವೆಂಬ ಕಲ್ಪನೆ ಸಾಮಾನ್ಯವಾಗಿದೆ, ಅದು ಸರಿಯಲ್ಲ. ವೈದ್ಯರು ರೋಗಿಯ ಮನೆಗೆ, ವಕೀಲರು ನ್ಯಾಯಾಲಯಕ್ಕೆ ತಮ್ಮ ಕಾರಿನಲ್ಲಿ ಹೋಗುವುದಕ್ಕೆ ಅಡ್ಡಿಯಿಲ್ಲ. ಪಾಲಿಸಿ ಹೊರಗಿಡುವುದು ಬಾಡಿಗೆ ಅಥವಾ ಪ್ರತಿಫಲಕ್ಕಾಗಿ ಓಡಿಸುವುದನ್ನು, ಸರಕು ಸಾಗಣೆಯನ್ನು, ಪಂದ್ಯ ಹಾಗೂ ವೇಗಪರೀಕ್ಷೆಗಳನ್ನು ಮತ್ತು ವಾಹನ ವ್ಯಾಪಾರಕ್ಕೆ ಸಂಬಂಧಿಸಿದ ಬಳಕೆಯನ್ನು. ಸರಕಿನಲ್ಲಿ ಮಾದರಿಗಳಿಗೂ ಸ್ವಂತ ಸಾಮಾನಿಗೂ ವಿನಾಯಿತಿ ಇದೆ. ಆದ್ದರಿಂದ ಜವಳಿ ವ್ಯಾಪಾರಿಯು ಸೀರೆಯ ಮಾದರಿಗಳನ್ನು ಕಾರಿನಲ್ಲಿ ಒಯ್ಯಬಹುದು. ಮಾರಿದ ಬಟ್ಟೆಯ ಮೂಟೆಗಳನ್ನು ಅದೇ ಕಾರಿನಲ್ಲಿ ತಲುಪಿಸಿದರೆ ಮಿತಿ ಮೀರಿದಂತೆ.

ಕರ್ನಾಟಕದಲ್ಲಿ ಜನರು ಇದನ್ನು ‘ವೈಟ್ ಬೋರ್ಡ್’, ‘ಯೆಲ್ಲೋ ಬೋರ್ಡ್’ ಎಂದು ಗುರುತಿಸುತ್ತಾರೆ. ಬಾಡಿಗೆಗೆ ಓಡುವ ಟ್ಯಾಕ್ಸಿಗೆ ಹಳದಿ ಫಲಕದ ಜೊತೆಗೆ ರಹದಾರಿ ಮತ್ತು ಅರ್ಹತಾ ಪತ್ರ ಬೇಕು. ಬಂಧುಗಳ ಮದುವೆಗೆ ಉಚಿತವಾಗಿ ಕೊಟ್ಟ ವೈಟ್ ಬೋರ್ಡ್ ಕಾರು ಬಾಡಿಗೆಯದಾಗುವುದಿಲ್ಲ. ಕಿಲೋಮೀಟರಿಗೆ ಇಷ್ಟು ಎಂದು ಹಣ ಪಡೆದರೆ ಆಗುತ್ತದೆ. ಷರತ್ತಿನ ಉಲ್ಲಂಘನೆಯನ್ನು ಸಾಬೀತುಪಡಿಸುವ ಹೊಣೆ ವಿಮಾ ಕಂಪನಿಯದು. ಆದರೂ ಅಪಘಾತದ ನಂತರ ಪ್ರಯಾಣಿಕರು ನೀಡುವ ಹೇಳಿಕೆಯಲ್ಲೇ ಬಾಡಿಗೆಯ ಸಂಗತಿ ಹೊರಬೀಳುವುದುಂಟು.

ಉಲ್ಲಂಘನೆಯ ಪರಿಣಾಮ

ರಸ್ತೆಯಲ್ಲಿ ಗಾಯಗೊಂಡ ಮೂರನೆಯ ವ್ಯಕ್ತಿಗೂ ವಾಹನದ ಮಾಲೀಕನಿಗೂ ಪರಿಣಾಮ ಒಂದೇ ಅಲ್ಲ. 1988ರ ಮೋಟಾರು ವಾಹನ ಕಾಯ್ದೆಯ 146ನೆಯ ಕಲಮಿನಂತೆ ಮೂರನೆಯ ವ್ಯಕ್ತಿಯ ವಿಮೆ ಕಡ್ಡಾಯ. ರಹದಾರಿಯಿಲ್ಲದೆ ಬಾಡಿಗೆಗೆ ಓಡಿಸಿದ್ದರೆ ಕಂಪನಿಯು ಆ ಕಾರಣವನ್ನು ಮುಂದಿಟ್ಟು ವಾದಿಸಬಹುದು. ಹೀಗಿದ್ದರೂ ಕಂಪನಿಯು ಮೊದಲು ಸಂತ್ರಸ್ತರಿಗೆ ಪರಿಹಾರ ಪಾವತಿಸಿ, ಬಳಿಕ ಮಾಲೀಕನಿಂದ ವಸೂಲು ಮಾಡಬೇಕೆಂಬ ಆದೇಶವನ್ನು ಸರ್ವೋಚ್ಚ ನ್ಯಾಯಾಲಯವು 2018ರ ಅಮೃತ್ ಪಾಲ್ ಸಿಂಗ್ ಪ್ರಕರಣದಲ್ಲಿ ಎತ್ತಿಹಿಡಿಯಿತು. ಅಲ್ಲಿ ಲಾರಿಗೆ ರಹದಾರಿ ಇರಲಿಲ್ಲ. ಸಂತ್ರಸ್ತರ ಕುಟುಂಬಕ್ಕೆ ಹಣ ದೊರೆಯುತ್ತದೆ. ಆದರೆ ಲಕ್ಷಾಂತರ ರೂಪಾಯಿಯ ಸಾಲ ಮಾಲೀಕನ ಮನೆಯ ಮೇಲೆ ಬೀಳುತ್ತದೆ.

ಸ್ವಂತ ವಾಹನದ ಹಾನಿಗೆ ಕಂಪನಿಗಳು ಪೂರ್ತಿ ಪರಿಹಾರವನ್ನೇ ನಿರಾಕರಿಸುವುದುಂಟು. ಟ್ಯಾಕ್ಸಿಯಾಗಿ ಬಳಸಿದ ಖಾಸಗಿ ವಾಹನವೊಂದು ಕಳುವಾದಾಗ, ಕಳ್ಳತನಕ್ಕೂ ಬಳಕೆಯ ಉಲ್ಲಂಘನೆಗೂ ಸಂಬಂಧವಿಲ್ಲವೆಂದು 2008ರ ನಿತಿನ್ ಖಂಡೇಲ್ವಾಲ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು, ಶೇ. 75ರಷ್ಟು ಪರಿಹಾರದ ಆದೇಶ ಉಳಿಯಿತು. 2010ರ ಅಮಲೇಂದು ಸಾಹೂ ಪ್ರಕರಣದಲ್ಲಿ ಬಾಡಿಗೆಗೆ ಕೊಟ್ಟಿದ್ದ ಕಾರು ಅಪಘಾತಕ್ಕೀಡಾಗಿತ್ತು. ಅಲ್ಲಿಯೂ ಪೂರ್ಣ ನಿರಾಕರಣೆಯನ್ನು ನ್ಯಾಯಾಲಯ ಒಪ್ಪದೆ, ಭಾಗಶಃ ಪರಿಹಾರ ಕೊಡಿಸಿತು. ಹಾಗೆಂದು ಈ ತೀರ್ಪುಗಳು ಉಲ್ಲಂಘನೆಗೆ ಪರವಾನಗಿಯಲ್ಲ, ಕಡಿತವಂತೂ ತಪ್ಪುವುದಿಲ್ಲ.

ಸರಕು ವಾಹನದಲ್ಲಿ ಜನರು

ಹಳ್ಳಿಗಳಲ್ಲಿ ಗೂಡ್ಸ್ ಗಾಡಿಯಲ್ಲಿ ಕೂಲಿಯವರನ್ನೂ ದಿಬ್ಬಣವನ್ನೂ ಕರೆದೊಯ್ಯುವುದು ವಾಡಿಕೆ. 1994ರ ತಿದ್ದುಪಡಿಯು ಸರಕಿನ ಮಾಲೀಕನಿಗೆ ಅಥವಾ ಅವನ ಅಧಿಕೃತ ಪ್ರತಿನಿಧಿಗೆ ಮಾತ್ರ ಕಡ್ಡಾಯ ವಿಮೆಯ ರಕ್ಷಣೆಯನ್ನು ವಿಸ್ತರಿಸಿತು. ಸರಕು ವಾಹನದಲ್ಲಿ ಪುಕ್ಕಟೆಯಾಗಿ ಪ್ರಯಾಣಿಸುವವರಿಗೆ ಈ ರಕ್ಷಣೆ ಅನ್ವಯಿಸದೆಂದು ಆಶಾ ರಾಣಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ಸಂತೆಗೆ ತನ್ನ ಟೊಮೇಟೊ ಕ್ರೇಟುಗಳೊಂದಿಗೆ ಹೊರಟ ರೈತನಿಗೆ ರಕ್ಷಣೆಯುಂಟು. ದಾರಿಯಲ್ಲಿ ಕೈಯೊಡ್ಡಿ ಹತ್ತಿದವನಿಗೆ ಇಲ್ಲ.